ಸುಗ್ಗಿಯ ಮನೆಯ ಕೈಕೆಲಸ

ಸಭೆಯಲ್ಲಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ. ಕೊನೆಕೊಯ್ಲಿನ, ಎಂದರೆ ಅಡಿಕೆಯ ಗೊನೆ ಇಳಿಸುವ ದಿನಗಳಲ್ಲಿ ಶಿರಸಿಯಲ್ಲಿ ಸಭೆ ಕರೆಯುವುದು ಸಾಹಸವೇ ಸರಿ. ಇಲ್ಲಿ ಕುಳಿತ ಅನೇಕರ ಅರ್ಧ ಮನಸ್ಸು ಅಂಗಳದಲ್ಲಿ ಹರವಿಟ್ಟು ಬಂದ ಅಡಿಕೆಯ ಮೇಲೂ ಉಳಿದರ್ಧ ಆಕಾಶದ ಮೋಡದ ಮೇಲೂ ಇರುತ್ತದೆಂದು ಬಲ್ಲೆ. ಆದ್ದರಿಂದ ಪೀಠಿಕೆಯನ್ನು ಬೆಳೆಸುವುದಿಲ್ಲ.

ರೈತರ ಮನೆಯ ಕೈಕೆಲಸವೆಂದರೆ ಹೆಂಗಸರು ಬಿಡುವಿದ್ದಾಗ ಕೂತು ಮಾಡುವ ಕೆಲಸವೆಂದು ಹೇಳುವ ರೂಢಿ ನಮ್ಮಲ್ಲಿ ಬಂದುಬಿಟ್ಟಿದೆ. ಉತ್ತರ ಕನ್ನಡದ ಮಟ್ಟಿಗೆ ಇದನ್ನು ಒಪ್ಪುವುದು ನನಗೆ ಸಾಧ್ಯವಾಗಿಲ್ಲ. ನಮ್ಮ ಮನೆಗಳಲ್ಲಿ ಹೆಣೆದ, ಕಟ್ಟಿದ, ಬರೆದ ವಸ್ತುಗಳಲ್ಲಿ ಹೆಚ್ಚಿನವು ಬೆಳೆಯನ್ನು ಮನೆ ಸೇರಿಸುವುದಕ್ಕೆ ಅಥವಾ ಕೆಡದಂತೆ ಕಾಪಾಡುವುದಕ್ಕೆ ಬೇಕಾದವು. ಅವುಗಳಿಗೆ ಬೇಕಾದ ಹುಲ್ಲು, ಅಡಿಕೆ ಗರಿಯ ಬುಡದ ಹಾಳೆ, ನಾರು, ಮಣ್ಣು ಸಿಗುವುದೂ ಆ ಹಂಗಾಮಿನಲ್ಲಿಯೇ. ಅಂದರೆ ಈ ಕೈಕೆಲಸ ಕೊಯ್ಲಿನ ಒಂದು ಭಾಗ. ಕೊಯ್ಲಿನ ಖರ್ಚು ಬರೆಯುವಾಗ ಮಾತ್ರ ಅದನ್ನು ಬಿಟ್ಟುಬಿಡುತ್ತೇವೆ.

ಇಡೀ ಜಿಲ್ಲೆಗೆ ಒಂದೇ ಸುಗ್ಗಿ ಎಂಬುದು ಇಲ್ಲ. ಅಘನಾಶಿನಿಯ ಅಳಿವೆಯ ಗಜನಿಗಳಲ್ಲಿ, ಎಂದರೆ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಅಕ್ಟೋಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರಗಳ ಮಳೆಗಾಲದ ಗದ್ದೆಗಳು ಅದೇ ಆಸುಪಾಸಿನಲ್ಲಿ ಬಲಿಯುತ್ತವೆ. ಘಟ್ಟದ ಮೇಲಿನ ಭತ್ತ ಇನ್ನಷ್ಟು ತಡ. ಅದು ಮುಗಿಯುವಷ್ಟರಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾಗಿ, ಒಣಗಿಸುವ ಕೆಲಸ ಶಿವರಾತ್ರಿಯವರೆಗೂ ಎಳೆಯುತ್ತದೆ. ಹೀಗಾಗಿ ಕರಾವಳಿಯ ಮನೆಯೂ ಘಟ್ಟದ ಮನೆಯೂ ಒಂದೇ ತಿಂಗಳಲ್ಲಿ ಒಂದೇ ಕೆಲಸದಲ್ಲಿ ಇರುವುದಿಲ್ಲ.

ಮೊದಲು ಅಡಿಕೆಯ ಮನೆಯನ್ನೇ ನೋಡೋಣ. ಕೊನೆಗೌಡ ಮರವೇರಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ ಕೊನೆ ಕೊಯ್ದು ಹಗ್ಗದಲ್ಲಿ ಕೆಳಗೆ ಬಿಡುತ್ತಾನೆ. ಕೆಳಗೊಬ್ಬ ಹಗ್ಗ ಹಿಡಿದು ಕೊನೆಯನ್ನು ಇಳಿಸಿಕೊಳ್ಳುತ್ತಾನೆ. ಉದುರಿದ್ದನ್ನು ಹೆಕ್ಕುವವರು ಹೆಂಗಸರು ಮತ್ತು ಮಕ್ಕಳು. ನಿಜವಾದ ದುಡಿಮೆ ಆರಂಭವಾಗುವುದು ಕೊನೆ ಮನೆಗೆ ಬಂದ ಮೇಲೆ. ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲವಾದ್ದರಿಂದ ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ, ಎಂದರೆ ಕೆಲಸಕ್ಕೆ ಕೆಲಸ ತೀರಿಸುವ ಲೆಕ್ಕದಲ್ಲಿ, ಬಂದು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ನಡುರಾತ್ರಿಯವರೆಗೂ ಸುಲಿಯುತ್ತಿದ್ದ ಕಾಲವನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಯಕ್ಷಗಾನದ ಯಾವ ಮೇಳ ಯಾವ ಊರಿಗೆ ಬರುತ್ತದೆ, ಯಾರ ಮನೆಯ ಹುಡುಗಿಗೆ ಎಲ್ಲಿ ಗೊತ್ತಾಯಿತು ಎಂಬ ಸುದ್ದಿಯೆಲ್ಲ ಆ ಸಾಲಿನಲ್ಲಿಯೇ ಹಂಚಿಹೋಗುತ್ತಿತ್ತು. ಮರುದಿನ ಒಲೆಯ ಮೇಲೆ ಹಂಡೆ. ಸುಲಿದ ಅಡಿಕೆ ಬೆಂದು, ಬಿಸಿಲಿಗೆ ಬಿದ್ದು, ಕೆಂಪಡಿಕೆಯಾಗುತ್ತದೆ. ಬೇಯಿಸಿದ ನೀರು ಮಂದವಾಗಿ ಉಳಿಯುವುದೇ ಚೊಗರು. ಅಡಿಕೆಗೆ ಬಣ್ಣ ಬರಲು ಅದನ್ನು ಮತ್ತೆ ಬಳಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬಟ್ಟೆಗೂ ಅದು ಒಳ್ಳೆಯ ಬಣ್ಣವೆಂಬುದನ್ನು ನಮ್ಮ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಯ ಮೇಲೆ ತೋರಿಸಿಕೊಟ್ಟಿದ್ದಾರೆ. ಚೊಗರಿನಲ್ಲಿ ಟ್ಯಾನಿನ್ ಇರುವುದರಿಂದ ಅದು ನೂಲನ್ನು ಹಿಡಿದುಕೊಳ್ಳುತ್ತದೆ. ಕಬ್ಬಿಣದ ಅಂಶ ಸೇರಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ಸುಲಿಯುವವರ ಬೆರಳನ್ನು ವಾರಗಟ್ಟಲೆ ಬಿಡದ ಕಲೆಯೂ ಇದೇ ಚೊಗರಿನದು. ನಮಗೆ ಮಾತ್ರ ಅದು ಇಷ್ಟು ವರ್ಷ ಕೈ ಕೊಳೆ ಮಾಡುವ ವಸ್ತುವಾಗಿಯೇ ಕಂಡಿತು.

ಹಾಳೆಯ ಮಾತಿಗೆ ಬರುತ್ತೇನೆ. ಬಿದ್ದ ಹಾಳೆಯನ್ನು ಅಂದೇ ಎತ್ತಿ ತರಬೇಕು. ಇಬ್ಬನಿಯಲ್ಲಿ ಉಳಿದರೆ ಒಳಮೈಗೆ ಬೂಸ್ಟು ಬಂದು ಯಾವುದಕ್ಕೂ ಆಗುವುದಿಲ್ಲ. ಒಣಗಿಸಿಟ್ಟದ್ದನ್ನು ಬೇಕಾದಾಗ ನೀರಿನಲ್ಲಿ ನೆನೆಸಿದರೆ ಮತ್ತೆ ಬಾಗುತ್ತದೆ, ಬಾಗಿಸಿ ಕಟ್ಟಿ ಒಣಗಿಸಿದ ಆಕಾರವನ್ನು ಹಿಡಿದುಕೊಳ್ಳುತ್ತದೆ. ತಲೆಹೊರೆಯವರ ಟೊಪ್ಪಿ, ಪಡಿಗೆ, ನೀರು ಮೊಗೆಯುವ ಸಾಧನ ಎಲ್ಲವೂ ಈ ಒಂದು ಗುಣದಿಂದ ಹುಟ್ಟಿದವು. ಇವತ್ತು ಬಿಸಿ ಅಚ್ಚಿನ ಯಂತ್ರದಲ್ಲಿ ಒತ್ತಿ ತೆಗೆಯುವ ಹಾಳೆತಟ್ಟೆಯೂ ಅದೇ ಗುಣವನ್ನು ನಂಬಿ ನಡೆಯುವ ಉದ್ಯಮ. ಕೆಲವರು ಅದನ್ನು ಕರಕುಶಲವೆಂದು ಕರೆಯುತ್ತಾರೆ. ನನ್ನ ಮಟ್ಟಿಗೆ ಅದು ಮರ್ಯಾದೆಯ ಸಣ್ಣ ಕಾರ್ಖಾನೆ, ಅಷ್ಟೆ. ಅದರಲ್ಲಿ ತಪ್ಪೇನೂ ಇಲ್ಲ.

ಇದಕ್ಕಿಂತ ಹೆಚ್ಚು ಕೈಚಳಕ ಬೇಡುತ್ತಿದ್ದದ್ದು ಅಡಿಕೆಯ ಗೊನೆಗೆ ಕಟ್ಟುವ ಕೊಟ್ಟೆ. ಮಳೆಗಾಲದಲ್ಲಿ ಎಳೆಯ ಕಾಯಿಗೆ ಕೊಳೆರೋಗ ತಗಲದಿರಲೆಂದು ಕೊನೆಯ ಮೇಲೆ ಕರಡವೆಂಬ ಬೆಟ್ಟದ ಹುಲ್ಲಿನ ಕೊಟ್ಟೆಯನ್ನು ಹೊದಿಸುತ್ತಿದ್ದರು. ಕೊಟ್ಟೆ ಕಟ್ಟುವುದು ಮಳೆಗೆ ಮುಂಚೆ. ಆದರೆ ಬೆಟ್ಟದಲ್ಲಿ ಕರಡ ಬಲಿತು ಒಣಗುವುದು ಕೊಯ್ಲಿನ ದಿನಗಳಲ್ಲಿ. ಆದ್ದರಿಂದ ಈ ವರ್ಷದ ಕೊನೆ ಇಳಿಯುತ್ತಿರುವಾಗಲೇ ಮುಂದಿನ ವರ್ಷದ ಕೊನೆಗೆ ಹೊದಿಕೆಯ ಹುಲ್ಲು ಮನೆ ಸೇರಬೇಕಾಗಿತ್ತು. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು, ಎಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡನ್ನು, ಬಿಟ್ಟುಕೊಟ್ಟ ನಮ್ಮ ಜಿಲ್ಲೆಯ ಹಳೆಯ ವ್ಯವಸ್ಥೆಯನ್ನು ಗೊಬ್ಬರದ ದೃಷ್ಟಿಯಿಂದ ಮಾತ್ರ ನೋಡುವವರು ಈ ಹುಲ್ಲನ್ನು ಮರೆಯುತ್ತಾರೆ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದ ಮೇಲೆ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣವೆಂಬ ಲೆಕ್ಕ ಮನೆಮಾತಾಯಿತು. ಕೊಟ್ಟೆ ಹಿಂದೆ ಸರಿಯಿತು. ಉಳಿದ ಕಡೆ ಪ್ಲಾಸ್ಟಿಕ್ ಬಂತು. ಇದನ್ನು ನಷ್ಟವೆಂದು ಕೊರಗುವವನು ನಾನಲ್ಲ. ಕೊಳೆ ಬಂದ ತೋಟದ ಕೆಳಗೆ ನಿಂತವರಿಗೆ ಆ ಮೈಲುತುತ್ತದ ಬೆಲೆ ಗೊತ್ತು.

ಘಟ್ಟ ಇಳಿದರೆ ಹುಲ್ಲೇ ಮುಖ್ಯ. ಭತ್ತ ಬಡಿಯುವ ಕಣವನ್ನು ಕೆತ್ತಿ, ನೀರು ಹಾಕಿ ಬಡಿದು, ಸಗಣಿ ಸಾರಿಸಿ ಒಂದು ಕಾಳೂ ಮಣ್ಣುಪಾಲಾಗದಂತೆ ಮಾಡುವುದೇ ಒಂದು ಕಸಬು. ಬಡಿದ ಮೇಲೆ ಉಳಿದ ನೀಳ ಹುಲ್ಲಿನಿಂದ ಹಗ್ಗ ಹೊಸೆದು, ಅದೇ ಹುಲ್ಲನ್ನು ಸುತ್ತಲೂ ಹರವಿ, ನಡುವೆ ಬೀಜದ ಭತ್ತವನ್ನು ತುಂಬಿ, ಬಿಗಿಯುತ್ತ, ಬಡಿಯುತ್ತ, ಮತ್ತೆ ಬಿಗಿಯುತ್ತ ಕಟ್ಟಿದ ಮುಡೆ ಅಟ್ಟದ ಮೇಲೆ ಒಲೆಯ ಹೊಗೆಯಲ್ಲಿ ಮುಂದಿನ ಮಳೆಗಾಲದವರೆಗೆ ಹುಳ ತಗಲದೆ ಇರುತ್ತದೆ. ಮುಡೆ ಕಟ್ಟಲು ಬರುವವರು ಕಡಿಮೆಯಾದದ್ದು ಸೋಮಾರಿತನದಿಂದ ಎಂದು ಹೇಳುವವರಿದ್ದಾರೆ. ಕಾರಣ ಹುಲ್ಲಿನಲ್ಲಿದೆ. 1968ರಲ್ಲಿ ಬಿಡುಗಡೆಯಾದ ‘ಜಯ’ದಂತಹ ಗಿಡ್ಡ ತಳಿಗಳು ಗದ್ದೆಗೆ ಬಂದಾಗ ಹುಲ್ಲು ಮೋಟಾಯಿತು, ಕೊಯ್ದು ಒಕ್ಕುವ ದೊಡ್ಡ ಯಂತ್ರ ಬಂದಾಗ ಇದ್ದ ಹುಲ್ಲೂ ಮುರಿದು ಚೂರಾಯಿತು. ಚೂರು ಹುಲ್ಲಿನಿಂದ ಯಾರೂ ಹಗ್ಗ ಹೊಸೆಯಲಾರರು. ಆಳೆತ್ತರ ಬೆಳೆದು ನೀರಿನಲ್ಲಿ ನಿಲ್ಲುವ ಕಗ್ಗದಂತಹ ಭತ್ತ ಇರುವಲ್ಲಿ ಮಾತ್ರ ಹಗ್ಗಕ್ಕೆ ಬೇಕಾದ ನೀಳ ಹುಲ್ಲು ಉಳಿದಿದೆ.

ಕೊಯ್ಲಿಗೆ ಮುಂಚಿನ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಸಿದ್ದಾಪುರ, ಶಿರಸಿಯ ದೀವರ ಸಮುದಾಯದ ಮನೆಗಳಲ್ಲಿ ದಸರೆ ಮುಗಿದು ಭೂಮಿ ಹುಣ್ಣಿಮೆ ಬರುವುದರೊಳಗೆ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಿಂದ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿನಾರಿನದು, ಕಪ್ಪು ಬೇಕಾದರೆ ಹುರಿದು ಕಪ್ಪಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಹೊಡೆ ತುಂಬಿದ ಭತ್ತವನ್ನು ಬಸುರಿಯೆಂದು ಭಾವಿಸಿ, ಹಲವು ಬಗೆಯ ಸೊಪ್ಪು ಬೆರೆಸಿ ಬೇಯಿಸಿದ ಬಯಕೆಯ ಅಡುಗೆಯನ್ನು ಆ ಬುಟ್ಟಿಯಲ್ಲಿ ಬೆಳಗಿನ ಕತ್ತಲೆಯಲ್ಲಿಯೇ ಹೊತ್ತೊಯ್ದು ಗದ್ದೆಗೆ ಬೀರುವುದು ಕ್ರಮ. ಗೆರೆಗಳು ಎಷ್ಟು ಸಣ್ಣ, ಎಷ್ಟು ಒತ್ತಾಗಿ ಇರುತ್ತವೆಂದರೆ ಬರೆಯುವವರು ಮನೆಯ ಉಳಿದ ಕೆಲಸ ಮುಗಿಸಿ ದೀಪದ ಬೆಳಕಿನಲ್ಲಿ ಕೂರದೆ ಬೇರೆ ದಾರಿಯಿಲ್ಲ. ಈ ಚಿತ್ತಾರ ಈಗ ಚೌಕಟ್ಟಿನೊಳಗೆ ಸೇರಿ ನಗರದ ಗೋಡೆ ಏರಿದೆ; ಏರಲಿ. ಆದರೆ ಅಕ್ಕಿಹಿಟ್ಟಿನ ಬದಲು ಬಂದ ಅಕ್ರಿಲಿಕ್ ಬಣ್ಣದ ಬಿಳುಪು ನನ್ನ ಕಣ್ಣಿಗೆ ಸ್ವಲ್ಪ ಗದ್ದಲವೆನಿಸುತ್ತದೆ.

ಕರಾವಳಿಯ ಹಾಲಕ್ಕಿ ಒಕ್ಕಲಿಗರಲ್ಲಿ ಕಣ ಖಾಲಿಯಾದ ಮೇಲೆ, ಹೋಳಿಯ ಸಮಯದ ಸುಗ್ಗಿ ಕುಣಿತಕ್ಕಾಗಿ ತಲೆಗೆ ತೊಡುವ ತುರಾಯಿ ಕಟ್ಟುತ್ತಾರೆ. ಬೆಂಡಿನ ಹೂಗಳನ್ನೂ ಬಣ್ಣದ ಕಾಗದವನ್ನೂ ಪೋಣಿಸುವ ಈ ಕೆಲಸ ಗಂಡಸರದು. ಕೈಕೆಲಸವೆಲ್ಲ ಹೆಂಗಸರದೆನ್ನುವವರು ಅಂಕೋಲೆಯ ಕಡೆ ಒಮ್ಮೆ ಹೋಗಿ ಬರಬಹುದು. ಯಲ್ಲಾಪುರ, ಹಳಿಯಾಳದ ಸಿದ್ದಿ ಮಹಿಳೆಯರು ಹಳೆಯ ಸೀರೆಯ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಹೊಲಿಯುತ್ತ ಹೋಗುವ ಕೌದಿಯನ್ನೂ ಇದೇ ಸಾಲಿನಲ್ಲಿ ನೆನೆಯಬೇಕು. ಹಗಲು ಬೇರೆಯವರ ಗದ್ದೆಯಲ್ಲಿ ದುಡಿದ ಕೈಗಳಿಗೆ ಸಂಜೆ ಸೂಜಿ.

ಈಗ ಲೆಕ್ಕದ ಪುಸ್ತಕ. ತೋಟದ ಮನೆಯ ಯಾವುದೇ ಪುಸ್ತಕವನ್ನು ತೆರೆದರೂ ಕೊನೆಗೌಡನ ಕೂಲಿ, ಮೈಲುತುತ್ತ, ಗಾಡಿಯ ಬಾಡಿಗೆ, ಇತ್ತೀಚೆಗೆ ನೆಲದಿಂದಲೇ ಕೊನೆ ಕೊಯ್ಯುವ ಫೈಬರ್ ದೋಟಿ ಮತ್ತು ಸುಲಿಯುವ ಯಂತ್ರದ ಖರ್ಚು ಅಚ್ಚುಕಟ್ಟಾಗಿ ಕಾಣುತ್ತವೆ. ಸುಲಿದದ್ದನ್ನು ಮೊರದಲ್ಲಿ ಹಾಕಿಕೊಂಡು ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು ಎಂಬ ದರ್ಜೆಗಳಾಗಿ ಬೇರ್ಪಡಿಸಿದ ಮನೆಯವರ ದಿನಗಳು ಅಲ್ಲಿ ಇರುವುದಿಲ್ಲ. ಆದರೆ 1923ರಲ್ಲಿ ಸ್ಥಾಪನೆಯಾದ ನಮ್ಮ ತೋಟಗಾರರ ಸಹಕಾರಿ ಸಂಘದ ಅಂಗಳದಲ್ಲಿ ಟೆಂಡರಿನ ದರ ನಿಲ್ಲುವುದೇ ಈ ವಿಂಗಡಣೆಯ ಮೇಲೆ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಮಣ್ಣು, ಮಳೆ, ತಳಿಗಳ ಗುಣಗಾನ ಕೇಳಿದೆವು. ಅಂಗಳದಲ್ಲಿ 40-45 ದಿನ ಸಿಪ್ಪೆಸಹಿತ ಒಣಗುವ ಚಾಲಿಯನ್ನು ಮಗುಚುತ್ತ, ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚುತ್ತ ಕುಳಿತವರ ಹೆಸರು ಹೆಚ್ಚು ಕೇಳಲಿಲ್ಲ.

ಇದರ ಪರಿಣಾಮ ಮಾರಾಟದ ಮೇಳಗಳಲ್ಲಿ ಕಾಣುತ್ತದೆ. ಮನೆಯಲ್ಲಿ ಮಾಡಿದ ಚಾಪೆಯನ್ನೋ ಕೌದಿಯನ್ನೋ ಮಾರಲು ಕೂತ ಮಹಿಳೆಗೆ ಬೆಲೆ ಹೇಳಲು ಬರುವುದಿಲ್ಲ, ಏಕೆಂದರೆ ಆ ಕೆಲಸದ ಗಂಟೆಗಳನ್ನು ಮನೆಯಲ್ಲಿ ಯಾರೂ ಎಂದೂ ಎಣಿಸಿಲ್ಲ. ಕೊಳ್ಳುವವನು ಚೌಕಾಸಿಗೆ ಇಳಿದರೆ ಬಟ್ಟೆಯ, ದಾರದ ಖರ್ಚು ಬಂದರೆ ಸಾಕೆಂದು ಕೊಟ್ಟುಬಿಡುತ್ತಾಳೆ. ಕೇದಗೆಯ ಜಾತಿಯ ಮುಂಡಿಗೆಯ ಎಲೆಯನ್ನು ಕೊಯ್ದು, ಮುಳ್ಳು ಸೀಳಿ, ಬೇಯಿಸಿ, ಒಣಗಿಸಿ, ಸುರುಳಿ ಸುತ್ತಿ, ಆಮೇಲೆ ಹೆಣೆಯಲು ಕೂರುವ ಚಾಪೆಯ ಬೆಲೆಯಲ್ಲಿ ಹೆಣೆಯುವುದಕ್ಕೆ ಮುಂಚಿನ ದಿನಗಳು ಸೇರದಿದ್ದರೆ ಅದನ್ನು ಮುಂದಿನ ತಲೆಮಾರು ಯಾಕೆ ಕಲಿಯಬೇಕು?

ಆದ್ದರಿಂದ ಈ ಹಂಗಾಮಿನಲ್ಲಿಯೇ ಎರಡು ಕೆಲಸಗಳನ್ನು ಆರಂಭಿಸಬಹುದೆಂದು ನನ್ನ ಸೂಚನೆ. ಒಂದು, ಲೆಕ್ಕದ ಪುಸ್ತಕದಲ್ಲಿ ಮನೆಯವರ ಕೈಕೆಲಸಕ್ಕೆ ಒಂದು ಪುಟ ಬಿಟ್ಟು, ಸುಲಿತ, ವಿಂಗಡಣೆ, ಹಾಳೆ, ಹೆಣಿಗೆ ಎಂದು ಗಂಟೆ ಬರೆದು, ಹೊರಗಿನ ಆಳಿಗೆ ಕೊಡುವ ದರದಲ್ಲಿಯೇ ಮುಂದೆ ರೂಪಾಯಿ ಹಾಕುವುದು. ಹಣ ಕೈ ಬದಲಾಗದಿದ್ದರೂ ಚಿಂತೆಯಿಲ್ಲ, ಚಾಪೆಗೆ ಬೆಲೆ ಹೇಳುವಾಗ ಆ ಪುಟ ಬೇಕಾಗುತ್ತದೆ. ಇನ್ನೊಂದು, ಗದ್ದೆಯವರಿಗೆ: ಯಂತ್ರ ಇಳಿಯುವ ಮುಂಚೆ ಹಾಳಿಯ, ಎಂದರೆ ಗದ್ದೆಯ ಬದುವಿನ, ಬದಿಯ ನಾಲ್ಕು ಸಾಲನ್ನು ಕತ್ತಿಯಲ್ಲಿ ಬುಡಮಟ್ಟ ಕೊಯ್ದು, ಬಡಿದು, ಹುಲ್ಲನ್ನು ಮುರಿಯದೆ ಸೂಡು ಕಟ್ಟಿ ಅಟ್ಟಕ್ಕೆ ಹಾಕಿಸಿ. ಯಂತ್ರ ತಿರುಗಲು ಹೇಗೂ ಬದಿ ಕೊಯ್ದುಕೊಡಬೇಕಾಗುವುದರಿಂದ ಇದಕ್ಕೆ ಹೆಚ್ಚಿನ ಆಳು ಬೇಡ, ಮತ್ತು ನಾಲ್ಕು ಸಾಲಿನ ಹುಲ್ಲು ಬೀಜದ ಮುಡೆ ಕಟ್ಟುವುದನ್ನು ಮಕ್ಕಳಿಗೆ ತೋರಿಸುವುದಕ್ಕೆ ಸಾಕಾಗುತ್ತದೆ.