ದಯಾಮರಣದ ಸುದ್ದಿಯಲ್ಲಿ ಬಿಟ್ಟುಹೋಗುವ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

'ದಯಾಮರಣ ಕೋರಿ ರಾಷ್ಟ್ರಪತಿಗೆ ಪತ್ರ.' ಈ ತಲೆಬರಹವನ್ನು ನೀವೂ ಓದಿರುತ್ತೀರಿ. ಒಳಗೆ ನೋಡಿದರೆ ಜಮೀನಿನ ವ್ಯಾಜ್ಯವೋ, ಕೈಗೆ ಬಾರದ ಪರಿಹಾರವೋ ಇರುತ್ತದೆ. ಬರೆದವರ ಸಂಕಟ ನಿಜ. ಅವರು ಕೇಳುತ್ತಿರುವುದು ನ್ಯಾಯ. ಆದರೆ ಪತ್ರ ಬರೆದರೆ ಸರ್ಕಾರ ಸಾವು ಕೊಡಬಹುದು ಅನ್ನುವ ಭಾವನೆ ಓದಿದವರಲ್ಲಿ ಉಳಿದುಬಿಡುತ್ತದೆ. ನಮ್ಮ ಕಾನೂನಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಈ ಚರ್ಚೆ ಮನೆಮನೆಗೆ ಬಂದದ್ದು ಅರುಣಾ ಶಾನಭಾಗ್ ಅವರಿಂದ. ಉತ್ತರ ಕನ್ನಡದ ಹಳದೀಪುರದವರು, ಮುಂಬೈ ಕೆಇಎಂ ಆಸ್ಪತ್ರೆಯ ನರ್ಸ್. 1973ರಲ್ಲಿ ಆಸ್ಪತ್ರೆಯಲ್ಲೇ ಅವರ ಮೇಲೆ ಹಲ್ಲೆಯಾಯಿತು. ಮಿದುಳಿಗೆ ಪೆಟ್ಟಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯಲ್ಲೇ ಇದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರಲ್ಲಿ ಕೋರ್ಟ್ ಒಪ್ಪಲಿಲ್ಲ. ಆದರೆ ಚೇತರಿಸಿಕೊಳ್ಳುವ ಆಸೆಯೇ ಇಲ್ಲದ ರೋಗಿಗೆ ಚಿಕಿತ್ಸೆ ನಿಲ್ಲಿಸಲು ಅದೇ ತೀರ್ಪು ದಾರಿಯನ್ನೂ ತೆರೆಯಿತು.

ನನ್ನನ್ನು ಇಂದಿಗೂ ಕಾಡುವುದು ಅರುಣಾ ಅವರನ್ನು ನೋಡಿಕೊಂಡ ಆಸ್ಪತ್ರೆಯ ನರ್ಸ್‌ಗಳು. ಪಾಳಿ ಬದಲಾದರೂ, ಹಳಬರು ನಿವೃತ್ತರಾದರೂ, ಹೊಸಬರು ಬಂದು ತುತ್ತು ತಿನ್ನಿಸಿದರು, ಮೈ ಒರೆಸಿದರು. ಅಷ್ಟು ವರ್ಷ ಮಲಗಿದ್ದ ಬೆನ್ನಿಗೆ ಒಂದು ಹುಣ್ಣೂ ಆಗದಂತೆ ನೋಡಿಕೊಂಡರು. ಅರ್ಜಿ ವಜಾ ಆದ ದಿನ ಸಿಹಿ ಹಂಚಿದರು. ಪರ, ವಿರೋಧ ಅಂತ ಇಬ್ಬರನ್ನು ಎದುರುಬದುರು ಕೂರಿಸಿ ಕೂಗಾಡಿಸುವ ಟಿವಿ ಚರ್ಚೆಯಲ್ಲಿ ಇಂಥ ಆರೈಕೆಯ ಮಾತಿಗೆ ಸಮಯ ಎಲ್ಲಿರುತ್ತದೆ?

2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. 2023ರಲ್ಲಿ ನಿಯಮಗಳನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಆಗ 'ದಯಾಮರಣಕ್ಕೆ ಅಸ್ತು' ಅನ್ನುವ ಧಾಟಿಯಲ್ಲೇ ಸುದ್ದಿ ಹರಿದಾಡಿತು. ಆದರೆ ಚುಚ್ಚುಮದ್ದು ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧ. ಫಲ ಕಾಣದ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ಮಾತ್ರ ಅವಕಾಶ.

ಐಸಿಯು ಬಾಗಿಲಲ್ಲಿ ನಿಂತ ಮಗನಿಗೆ ಬೇಕಾದ ವಿಷಯವೇ ಬೇರೆ, ಅಲ್ವಾ? ಚಿಕಿತ್ಸೆ ನಿಲ್ಲಿಸಬಹುದೇ ಎಂದು ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ ಮೊದಲು ನೋಡುತ್ತದೆ. ಎರಡನೇ ಮಂಡಳಿ ಮತ್ತೆ ಪರಿಶೀಲಿಸುತ್ತದೆ. ಮನೆಯವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆರೋಗ್ಯವಾಗಿರುವಾಗಲೇ, ಮುಂದೆ ಅಂಥ ಸ್ಥಿತಿ ಬಂದರೆ ಚಿಕಿತ್ಸೆ ಬೇಡ ಅನ್ನುವ ಉಯಿಲನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಹತ್ತಿರ ದೃಢೀಕರಿಸಿಕೊಳ್ಳಬಹುದು. ಪತ್ರಿಕೆಯಲ್ಲಿ ಇದಕ್ಕೆ ನಾಲ್ಕು ಸಾಲು ಸಾಕು.

ನೋವು ತಗ್ಗಿಸುವ ಆರೈಕೆ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಪತ್ರಿಕೆಯವರು ಬರೆಯಲಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. ಇಂಥ ವಿಳಾಸಗಳೂ ಆ ಸುದ್ದಿಯ ಜೊತೆಗೇ ಅಚ್ಚಾಗಲಿ. ನಮಸ್ಕಾರ.