642: ಬಾದಾಮಿ ಸೋತ ವರ್ಷ ಜಗತ್ತಲ್ಲಿ ಏನೇನಾಯ್ತು?

[ದೃಶ್ಯ: ಬಾದಾಮಿಯ ಅಗಸ್ತ್ಯತೀರ್ಥ, ಬೆಳಗಿನ ಹೊತ್ತು, ನೀರಿನಾಚೆ ಕೆಂಪು ಬಂಡೆಗಳು]

ನಮಸ್ಕಾರ. ಬಾದಾಮಿಗೆ ಹೋದವರೆಲ್ಲ ಗುಹೆ ನೋಡ್ತಾರೆ, ಹೊಂಡದ ದಂಡೆಯ ಭೂತನಾಥನ ಗುಡಿ ಮುಂದೆ ಫೋಟೋ ತೆಗೆಸ್ಕೊಳ್ತಾರೆ. ಊರಿನ ತೆಗ್ಗಿನ ಈರಪ್ಪನ ಗುಡಿಯ ಹಿಂದೆ ಒಂದು ಬಂಡೆ ಇದೆ, ಅಲ್ಲಿಗೆ ಹೋಗೋರು ಕಡಿಮೆ. ಬಂಡೆ ಮೇಲೊಂದು ಶಾಸನ. ಅಲ್ಲಲ್ಲಿ ಸವೆದಿದೆ, ಮುಕ್ಕಾಗಿದೆ. ಆದರೂ ಬಾದಾಮಿಯ ಹಳೆ ಹೆಸರು ವಾತಾಪಿ ಸಿಗುತ್ತೆ, ಮಹಾಮಲ್ಲ ಅನ್ನೋ ಬಿರುದು ಸಿಗುತ್ತೆ. ಅದು ಚಾಲುಕ್ಯರದ್ದಲ್ಲ. ಚಾಲುಕ್ಯರ ರಾಜಧಾನಿಯೊಳಗೆ ಬಂದು ನಿಂತು ಪಲ್ಲವ ದೊರೆ ನರಸಿಂಹವರ್ಮ ಕೆತ್ತಿಸಿದ್ದು.

ತನ್ನ ಆಳ್ವಿಕೆಯ 13ನೇ ವರ್ಷ ಅಂತ ಅದರಲ್ಲಿ ಬರೆಸಿದ್ದಾನೆ. ಅವನು ಪಟ್ಟಕ್ಕೆ ಬಂದಿದ್ದು ಸುಮಾರು 630ರಲ್ಲಿ. ಹಾಗೆ ಲೆಕ್ಕ ಹಾಕಿಯೇ ಇತಿಹಾಸಕಾರರು ಬಾದಾಮಿಯ ಪತನವನ್ನ 642ಕ್ಕೆ ತಂದು ನಿಲ್ಲಿಸ್ತಾರೆ.

[ದೃಶ್ಯ: ಐಹೊಳೆಯ ಮೇಗುಟಿ ಗುಡ್ಡ]

ಈ ಜಗಳ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಎಂಟೇ ವರ್ಷ ಹಿಂದೆ, 634ರಲ್ಲಿ, ರವಿಕೀರ್ತಿ ಇಲ್ಲಿ ಮೇಗುಟಿಯ ಗೋಡೆ ಮೇಲೆ ಇಮ್ಮಡಿ ಪುಲಕೇಶಿಯನ್ನ ಹಾಡಿ ಹೊಗಳಿದ್ದ. ಹರ್ಷನ ಹರ್ಷವೇ ಭಯದಿಂದ ಕರಗಿಹೋಯ್ತು ಅನ್ನೋ ಮಾತು ನಮಗೆಲ್ಲ ಶಾಲೆಯಿಂದಲೇ ಬಾಯಿಪಾಠ. ಅದೇ ಶಾಸನದಲ್ಲಿ ಇನ್ನೊಂದು ಮಾತೂ ಇದೆ: ಪುಲಕೇಶಿಯ ಸೈನ್ಯದ ಧೂಳಿಗೆ ಪಲ್ಲವರ ದೊರೆ ಕಂಚಿಯ ಕೋಟೆಗೋಡೆ ಹಿಂದೆ ಮರೆಯಾದ ಅಂತ. ಆ ದೊರೆ ಮಹೇಂದ್ರವರ್ಮ. ಅವನ ಮಗನೇ ನರಸಿಂಹವರ್ಮ.

ಪುಲಕೇಶಿ ಮತ್ತೆ ಕಂಚಿ ಕಡೆ ನುಗ್ಗಿದ. ಪರಿಯಲ, ಮಣಿಮಂಗಲ, ಶೂರಮಾರ, ಮೂರೂ ಕಡೆ ಸೋತ. ಪಲ್ಲವರ ಕೂರಂ ತಾಮ್ರಪಟ ಇದನ್ನ ಹೇಗೆ ಹೇಳುತ್ತೆ ಗೊತ್ತಾ? ಬೆನ್ನು ತಿರುಗಿಸಿ ಓಡ್ತಿದ್ದ ಪುಲಕೇಶಿಯ ಬೆನ್ನನ್ನೇ ಪಟ ಮಾಡ್ಕೊಂಡು ನರಸಿಂಹವರ್ಮ ಅದರ ಮೇಲೆ ‘ವಿಜಯ’ ಅಂತ ಅಕ್ಷರ ಬರೆದನಂತೆ. ಕನ್ನಡದವರಿಗೆ ಇದನ್ನ ಓದೋದು ಕಷ್ಟ. ನನಗೂ ಕಷ್ಟ. ಆದರೆ ಮೇಗುಟಿಯ ಸಾಲನ್ನ ಹೆಮ್ಮೆಯಿಂದ ಹೇಳೋ ನಾವು ಇದನ್ನೂ ಓದಬೇಕು. ಎರಡೂ ಒಂದೇ ಜಗಳದ ಎರಡು ಬದಿಯ ದಾಖಲೆಗಳು.

ಇದಕ್ಕೆ ಒಂದೆರಡು ವರ್ಷ ಮೊದಲಷ್ಟೇ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಪುಲಕೇಶಿಯ ರಾಜ್ಯಕ್ಕೆ ಬಂದು ಹೋಗಿದ್ದ. ಇಲ್ಲಿನ ಜನ ಉಪಕಾರ ಮರೆಯೋರಲ್ಲ, ಅವಮಾನವನ್ನೂ ಬಿಡೋರಲ್ಲ ಅಂತ ಬರೆದ. ಸೋತು ಬಂದ ಸೇನಾಪತಿಗೆ ಇಲ್ಲಿ ಶಿಕ್ಷೆ ಕೊಡಲ್ಲ, ಹೆಂಗಸರ ಉಡುಗೆ ಕೊಡ್ತಾರೆ, ಅವನು ತಾನಾಗಿಯೇ ಸಾವು ಹುಡುಕ್ಕೊಂಡು ಹೋಗ್ತಾನೆ ಅಂತಾನೂ ಬರೆದ. ಅಂಥ ನಾಡಿನ ದೊರೆಯೇ ಸೋತಾಗ ಏನಾಗಿರಬೇಕು! ಪುಲಕೇಶಿಯ ಕೊನೆಯ ಗಳಿಗೆ ಬಗ್ಗೆ ಚಾಲುಕ್ಯರ ಕಡೆಯಿಂದ ಒಂದು ಸಾಲೂ ಇಲ್ಲ. ಬಾದಾಮಿ ಉಳಿಸೋ ಕಾದಾಟದಲ್ಲೇ ಸತ್ತ ಅಂತ ಇತಿಹಾಸಕಾರರ ಊಹೆ.

[ದೃಶ್ಯ: ನಕಾಶೆ, ಬಾದಾಮಿಯಿಂದ ಪಶ್ಚಿಮಕ್ಕೆ ಸರಿಯುತ್ತ ಇರಾನ್]

ಅದೇ ವರ್ಷ ಇರಾನಿನಲ್ಲಿ ಇನ್ನೂ ದೊಡ್ಡ ಸಿಂಹಾಸನ ಉರುಳ್ತಿತ್ತು. ಝಾಗ್ರೋಸ್ ಬೆಟ್ಟಗಳ ನಡುವಿನ ನಹಾವಂದ್‌ನಲ್ಲಿ ಇರಾನನ್ನ ಆಳ್ತಿದ್ದ ಸಸಾನಿಯರ ಸೈನ್ಯ ಬಲವಾದ ನೆಲೆ ಹಿಡಿದು ಕೂತಿತ್ತು, ಹೊರಗೆ ಬರಲೊಲ್ಲದು. ಅರಬರು ಸೋತು ಹಿಂದೆ ಸರಿದ ಹಾಗೆ ನಟಿಸಿ ಅವರನ್ನ ಬಯಲಿಗೆ ಎಳೆದರು ಅಂತ ಅರಬರ ಬರಹಗಳು ಹೇಳ್ತವೆ. ಅರಬ್ ಸೇನಾಪತಿ ನುಅಮಾನ್ ಅಲ್ಲೇ ಸತ್ತ. ಆದರೆ ಗೆದ್ದವರು ಅರಬರೇ. ಅದಕ್ಕೆ ಅವರಿಟ್ಟ ಹೆಸರು ‘ಗೆಲುವುಗಳ ಗೆಲುವು’. 400 ವರ್ಷಕ್ಕೂ ಹೆಚ್ಚು ಆಳಿದ್ದ ಮನೆತನ ಮತ್ತೆ ಏಳಲಿಲ್ಲ. ಅದರ ಕೊನೆಯ ದೊರೆ ಮೂರನೇ ಯಝ್ದೆಗಿರ್ದ್ ಊರೂರು ಅಲೆದು 651ರಲ್ಲಿ ಮೆರ್ವ್ ಹತ್ತಿರ ಕೊಲೆಯಾದ.

ಈಜಿಪ್ಟಿನಲ್ಲಿ ರಕ್ತ ಕಡಿಮೆ, ಒಪ್ಪಂದ ಹೆಚ್ಚು. ಅರಬರ ಜೊತೆಗಿನ ಕರಾರಿನ ಪ್ರಕಾರ 642ರ ಸೆಪ್ಟೆಂಬರಿನಲ್ಲಿ ಬೈಜಾಂಟಿಯಮ್ಮಿನ, ಅಂದ್ರೆ ಪೂರ್ವ ರೋಮನ್ ಸಾಮ್ರಾಜ್ಯದ ಸೈನ್ಯ ಅಲೆಕ್ಸಾಂಡ್ರಿಯಾದಿಂದ ಹಡಗು ಹತ್ತಿತು. ಆಳುವವರು ಬದಲಾದದ್ದು ಹಳ್ಳಿಯವನಿಗೆ ಹೇಗೆ ಗೊತ್ತಾಗುತ್ತೆ?

[ದೃಶ್ಯ: ಪಪೈರಸ್ ಹಾಳೆಯ ಚಿತ್ರ, ಅಕ್ಷರಗಳಿಗೆ ಹತ್ತಿರ]

ಹೀಗೆ. ಇದು ಮರುವರ್ಷದ, ಅಂದ್ರೆ 643ರ ರಸೀದಿ. ಮೇಲೆ ಗ್ರೀಕ್, ಕೆಳಗೆ ಅರಬ್ಬಿ. ವಿಷಯ ಏನು? ಸೈನ್ಯದ ಊಟಕ್ಕೆ 65 ಕುರಿ ತಗೊಂಡಿದ್ದೇವೆ, ಅಷ್ಟೇ. ಕಾವ್ಯ ಇಲ್ಲ, ಬಿರುದಿಲ್ಲ. ನನಗೆ ಮಾತ್ರ ಇದು ಯಾವ ವಿಜಯಶಾಸನಕ್ಕಿಂತಲೂ ಹತ್ತಿರ ಅನ್ಸುತ್ತೆ. ಕುರಿ ಕೊಟ್ಟವರ ಕೈಗೆ ಕೊನೆಗೆ ಒಂದು ಚೀಟಿಯಾದರೂ ಬಂತು.

ಪೂರ್ವದಲ್ಲೂ ನೆಮ್ಮದಿ ಇರಲಿಲ್ಲ. ಕೊರಿಯಾದ ಗೋಗುರ್ಯೋ ರಾಜ್ಯದಲ್ಲಿ ಯೋನ್ ಗೆಸೋಮುನ್ ಅನ್ನೋ ಸೇನಾಪತಿ ತನ್ನ ದೊರೆಯನ್ನೇ ಕೊಂದು ಅಧಿಕಾರ ಹಿಡಿದ. ಜಪಾನಿನಲ್ಲಿ ಅದೇ ವರ್ಷ ಪಟ್ಟಕ್ಕೆ ಬಂದ ರಾಣಿ ಕೋಗ್ಯೊಕುಗೆ ಎದುರಾಗಿದ್ದು ಬರ. ಪ್ರಬಲ ಮಂತ್ರಿ ಸೋಗಾ ನೊ ಎಮಿಶಿ ಬೌದ್ಧ ಸೂತ್ರಗಳ ಪಾರಾಯಣ ಮಾಡಿಸಿದ, ನಾಲ್ಕು ಹನಿ ಬಿದ್ದು ನಿಂತುಹೋಯ್ತು. ಆಮೇಲೆ ರಾಣಿಯೇ ಹೊಳೆಯ ಮೇಲ್ದಂಡೆಗೆ ಹೋಗಿ, ಮಂಡಿಯೂರಿ, ನಾಲ್ಕು ದಿಕ್ಕಿಗೂ ಕೈಮುಗಿದಳು. ಗುಡುಗಿ ಐದು ದಿನ ಮಳೆ ಸುರೀತು ಅಂತ ಅಲ್ಲಿನ ಹಳೆಯ ಚರಿತ್ರೆಯಲ್ಲಿದೆ. ಮಳೆಗೆ ಕಪ್ಪೆ ಮದುವೆ ಮಾಡೋ ನಾಡಿನವರು ನಾವು, ಆ ರಾಣಿಯ ಮಂಡಿ ನೋವು ನಮಗೆ ಅರ್ಥವಾಗುತ್ತೆ.

[ದೃಶ್ಯ: ಮತ್ತೆ ಬಾದಾಮಿ, ಸಂಜೆ]

ಬಾದಾಮಿ ಹನ್ನೆರಡು ಹದಿಮೂರು ವರ್ಷ ಚಾಲುಕ್ಯರ ಕೈಲಿರಲಿಲ್ಲ. ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಸುಮಾರು 655ಕ್ಕೆ ಅದನ್ನ ಮರಳಿ ಪಡೆದ. ಜಗಳ ಮಾತ್ರ ಮಕ್ಕಳು, ಮೊಮ್ಮಕ್ಕಳ ಕಾಲಕ್ಕೂ ನಡೀತಾನೇ ಇತ್ತು.

[ದೃಶ್ಯ: ಕಂಚಿಯ ಕೈಲಾಸನಾಥ ದೇವಾಲಯ, ಮಂಟಪದ ಕಂಬ]

ಸುಮಾರು ನೂರು ವರ್ಷದ ಮೇಲೆ ಪುಲಕೇಶಿಯ ಮರಿಮಗನ ಮಗ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನ ಗೆದ್ದು ಒಳಗೆ ಬಂದ. ಎದುರಿಗೆ ಈ ಗುಡಿ. ಕಟ್ಟಿಸಿದ್ದು ನರಸಿಂಹವರ್ಮನ ಮರಿಮಗ ರಾಜಸಿಂಹ. ವಿಕ್ರಮಾದಿತ್ಯನೂ ಇಲ್ಲಿ ಶಾಸನ ಹಾಕಿಸಿದ, ಪಲ್ಲವರ ಗುಡಿಯ ಕಂಬದ ಮೇಲೆ, ಕನ್ನಡದಲ್ಲಿ. ಗುಡಿಯ ಸಂಪತ್ತನ್ನ ನೋಡಿದ, ಮುಟ್ಟಲಿಲ್ಲ, ದೇವರಿಗೇ ಬಿಟ್ಟುಕೊಟ್ಟ ಅಂತ ಅದರಲ್ಲಿದೆ. ಕಂಚಿಗೆ ಹೋದಾಗ ಆ ಕಂಬ ಎಲ್ಲಿದೆ ಅಂತ ಕೇಳಿ ನೋಡ್ಕೊಂಡು ಬನ್ನಿ.