ಕೃಷ್ಣೆಯ ನಡುಗಡ್ಡೆಗಳಿಗೆ ಸೈಕಲ್ಲೂ ಬೇಕು, ದೋಣಿಯೂ ಬೇಕು

[ದೃಶ್ಯ: ಹಿನ್ನೀರು, ನಡುವೆ ಐಕ್ಯ ಮಂಟಪ]

ನಮಸ್ಕಾರ. ನಡುಗಡ್ಡೆ ಅಂದ ಕೂಡಲೇ ಎಲ್ಲರೂ ಮಲ್ಪೆ ಕಡೆ ಓಡುತ್ತಾರೆ. ಸಮುದ್ರವೇ ಇಲ್ಲದ ನಮ್ಮ ಬಾಗಲಕೋಟೆ, ಬೆಳಗಾವಿ ಕಡೆಯೂ ನಡುಗಡ್ಡೆಗಳಿವೆ. ಆದರೆ ಇವುಗಳಲ್ಲಿ ಕೆಲವನ್ನು ಮಾಡಿದ್ದು ನದಿಯಲ್ಲ, ಅಣೆಕಟ್ಟು.

ಕೂಡಲಸಂಗಮವನ್ನೇ ನೋಡಿ. ಕೃಷ್ಣೆ, ಮಲಪ್ರಭೆ ಸೇರುವ ಜಾಗ. 12ನೇ ಶತಮಾನದಲ್ಲಿ ಬಸವಣ್ಣನವರು ಐಕ್ಯರಾದ ಊರು. ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಇಲ್ಲಿವರೆಗೂ ಬಂತು. ಐಕ್ಯಲಿಂಗ ಮುಳುಗಬಾರದಲ್ವಾ? ಅದಕ್ಕೆ ಸುತ್ತಲೂ ಬಾವಿಯಂಥ ಕಾಂಕ್ರೀಟ್ ಗೋಡೆ ಎಬ್ಬಿಸಿ, ದಡದಿಂದ ಸೇತುವೆ ಹಾಕಿದರು. ಬಾವಿಯೇ, ಆದರೆ ಉಲ್ಟಾ: ನೀರೆಲ್ಲ ಹೊರಗೆ, ಒಣ ನೆಲ ಒಳಗೆ. ಮೆಟ್ಟಿಲು ಇಳಿಯುತ್ತಾ ಹೋಗಿ. ಬಿಸಿಲು ಮೇಲೇ ಉಳಿಯುತ್ತದೆ, ಮಾತಾಡಿದರೆ ಗೋಡೆಯಿಂದ ದನಿ ವಾಪಸ್ ಬರುತ್ತದೆ. ಹೊಳೆ ತುಂಬಿದ ದಿನ ಲಿಂಗದ ಮುಂದೆ ನಿಂತರೆ, ಹೊರಗಿನ ನೀರು ನಿಮ್ಮ ತಲೆಗಿಂತ ಮೇಲಿರುತ್ತದೆ!

[ದೃಶ್ಯ: ನಕ್ಷೆ]

ಆಚೆ ದಡ ವಿಜಯಪುರ ಜಿಲ್ಲೆ. ಹೊಳೆ ಹಿಡಿದು ಕೆಳಗೆ ಹೋದರೆ ತಂಗಡಗಿ, ಬಸವಣ್ಣನವರ ಪತ್ನಿ ನೀಲಾಂಬಿಕೆ ಅಂದರೆ ನೀಲಮ್ಮನವರ ಐಕ್ಯಸ್ಥಳ. ಬಸವಣ್ಣನವರು ಕರೆಸಿದಾಗ ಹಡಪದ ಅಪ್ಪಣ್ಣನವರ ಜೊತೆ ಹೊರಟ ನೀಲಮ್ಮ, ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಅಂತ ಇಲ್ಲೇ ಉಳಿದರು ಎಂದು ಜನ ಹೇಳುತ್ತಾರೆ. ದೋಣಿ ಸಿಗದಿದ್ದರೆ ಚಿಂತೆಯಿಲ್ಲ, ಹುನಗುಂದ–ಮುದ್ದೇಬಿಹಾಳ ರಸ್ತೆಯ ಸೇತುವೆ ಇದೆ.

ಜಮಖಂಡಿ ಕಡೆಯ ಕಂಕಣವಾಡಿಯ ಗುಹೇಶ್ವರ ಗಡ್ಡೆ ಬೇರೆ ಥರ. ಅದು ಕೆಲಸದ ಜಾಗ. ರೈತರು ದೋಣಿಯಲ್ಲಿ ಹೊಲಕ್ಕೆ ಹೋಗಿಬರುತ್ತಾರೆ. ಅವರ ಕಬ್ಬಿನ ಹೊರೆಗೆ ಮೊದಲು ಜಾಗ ಬಿಡಿ, ನಿಮ್ಮ ಸೈಕಲ್ ಆಮೇಲೆ.

ಬೆಳಗಾವಿ ಜಿಲ್ಲೆಯ ಹಿಡಕಲ್ ಜಲಾಶಯದ್ದು ಇನ್ನೊಂದು ಕಥೆ. ಹುನ್ನೂರಿನ ವಿಠ್ಠಲ ಗುಡಿ ಜಲಾಶಯ ತುಂಬಿದಾಗ ನೀರೊಳಗೆ. ಬೇಸಿಗೆಯಲ್ಲಿ ಘಟಪ್ರಭೆಯ ನೀರು ಇಳಿದಾಗ ಕಲ್ಲಿನ ಕಂಬಗಳು ಮೇಲೆ ಬರುತ್ತವೆ. ಹಾಗಾಗಿ ಇಲ್ಲಿ ರಜೆ ನೋಡಿ ಹೊರಡಬೇಡಿ, ನೀರಿನ ಮಟ್ಟ ನೋಡಿ ಹೊರಡಿ.

[ದೃಶ್ಯ: ದೋಣಿಯಲ್ಲಿ ಸೈಕಲ್]

ಈಗ ಸೈಕಲ್ ವಿಷಯ. ದೋಣಿಯಲ್ಲಿ ಅದನ್ನು ನಿಲ್ಲಿಸಬೇಡಿ. "ಮಲಗಸ್ರಿ, ಚೈನ್ ಮ್ಯಾಲ ಬರ್ಲಿ" ಅಂತಾರೆ ದೋಣಿಯವರು, ಕೇಳಿ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಲೇಬೇಡಿ. ದಡದ ದಾರಿಯಲ್ಲಿ ಬಳ್ಳಾರಿ ಜಾಲಿ ಜಾಸ್ತಿ, ಮುಳ್ಳು ಟೈರ್ ದಾಟಿ ಟ್ಯೂಬಿಗೇ ಇಳಿಯುತ್ತದೆ. ಒಂದು ಟ್ಯೂಬ್ ಸಾಲದು, ಎರಡಿರಲಿ. ಮಳೆ ಬಿದ್ದರೆ ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂತು ಚಕ್ರವೇ ತಿರುಗಲ್ಲ. ಕಡ್ಡಿ ಹಾಕಿ ಕೆರೆಯುತ್ತಾ ಕೂರಬೇಕು. ಮಡ್‌ಗಾರ್ಡ್ ಬಿಚ್ಚಿಟ್ಟೇ ಹೋಗಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಎದುರಾದರೆ ಸುಮ್ನೆ ಕೆಳಗಿಳಿದು ದಾರಿ ಬಿಡಿ.

ಕೂಡಲಸಂಗಮದಲ್ಲಿ ದಾಸೋಹದ ಊಟ ಮುಗಿಸಿದ ಮೇಲೂ ಕಾಲಲ್ಲಿ ಶಕ್ತಿ ಉಳಿದಿದ್ದರೆ ಆಲಮಟ್ಟಿ ಅಣೆಕಟ್ಟಿನ ಕಡೆಗೂ ಹೋಗಿಬನ್ನಿ. ಬಿಸಿಲು ಇಳಿದ ಮೇಲೆ ಹೊರಡಿ, ಸೈಕಲ್‌ಗೆ ಲೈಟ್ ಇರಲಿ.